ಮೈಗೆ ಹತ್ತುವ ಹುದುಗು

ಆರಿದ್ರಾ ಮಳೆ ಹಿಡಿಯಿತೆಂದರೆ ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ ಒಣಗದ ಬಟ್ಟೆಯ ವಾಸನೆ ಇಲ್ಲದ ಮನೆ ಅಪರೂಪ. ಹಗ್ಗದ ಮೇಲಿನ ಪಂಚೆ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಮೂಲೆಯಲ್ಲಿಟ್ಟ ಚಪ್ಪಲಿಯ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಉಪ್ಪು ಕಡಿಮೆಯಾದ ಉಪ್ಪಿನಕಾಯಿಯ ಮೇಲೆ ಬೆಳ್ಳನೆಯ ಪೊರೆ ಕಟ್ಟುತ್ತದೆ. ಗೃಹಿಣಿಯರು ಆ ಪೊರೆಯನ್ನು ತೆಗೆದು ಚೆಲ್ಲಿ, ಜಾಡಿಯ ಬಾಯಿಯನ್ನು ಒಣಬಟ್ಟೆಯಿಂದ ಒರಸಿಡುತ್ತಾರೆ. ಜಾಡಿಯ ಬಗ್ಗೆ ನಾವು ವಹಿಸುವ ಈ ಎಚ್ಚರದಲ್ಲಿ ಅರ್ಧದಷ್ಟನ್ನಾದರೂ ನಮ್ಮ ಮೈಯ ಬಗ್ಗೆ ವಹಿಸಿದ್ದರೆ, ಮಳೆಗಾಲದಲ್ಲಿ ವೈದ್ಯರ ಬಾಗಿಲಲ್ಲಿ ತುರಿಕೆಯ ರೋಗಿಗಳ ಸಾಲು ಇಷ್ಟು ಉದ್ದವಾಗುತ್ತಿರಲಿಲ್ಲ.

ಉಪ್ಪಿನಕಾಯಿಯ ಮೇಲಿನ ಆ ಪೊರೆ ಬಹುಮಟ್ಟಿಗೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯದು. ಇದು ಅಣಬೆ, ಬೂಷ್ಟುಗಳ ಕುಲಕ್ಕೆ ಸೇರಿದ ಶಿಲೀಂಧ್ರ. ಆದರೆ ಬೂಷ್ಟಿನಂತೆ ಸದಾ ಎಳೆಎಳೆಯಾಗಿ ಹಬ್ಬುವುದಿಲ್ಲ. ಒಂಟಿ ಕಣವಾಗಿ ಬದುಕಿ, ಮೈಯಿಂದ ಮೊಗ್ಗಿನಂತೆ ಮರಿಯನ್ನು ಹೊರಡಿಸಿ ಬೆಳೆಯುತ್ತದೆ. ಬೇಕರಿಯ ಬನ್ನನ್ನು ಉಬ್ಬಿಸುವುದೂ, ಈಚಲ ಹೆಂಡವನ್ನು ಹುಳಿಯಿಸಿ ಅಮಲೇರಿಸುವುದೂ ಇದರದೇ ಬಂಧುಗಳು. ಇಡ್ಲಿಯ ಹಿಟ್ಟನ್ನು ಹುದುಗಿಸುವುದೂ ಇದೇ ಎಂದು ಹಲವರು ಭಾವಿಸುತ್ತಾರೆ. ಅಲ್ಲಿ ದೊಡ್ಡ ಕೆಲಸ ಮಾಡುವವು ಬ್ಯಾಕ್ಟೀರಿಯಗಳು, ಯೀಸ್ಟಿನದು ಸಣ್ಣ ಪಾಲು. ಬನ್ನು ತಿಂದದ್ದರಿಂದಲೋ ದೋಸೆ ತಿಂದದ್ದರಿಂದಲೋ ಮೈಗೆ ಯೀಸ್ಟಿನ ಸೋಂಕು ಹತ್ತುತ್ತದೆಂಬ ಭಯವನ್ನಂತೂ ಬಿಟ್ಟುಬಿಡಬಹುದು. ಮನುಷ್ಯನನ್ನು ಕಾಡುವ ಯೀಸ್ಟೇ ಬೇರೆ.

ಅದರಲ್ಲಿ ಮುಖ್ಯವಾದುದರ ಹೆಸರು ಕ್ಯಾಂಡಿಡಾ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ೧೯೨೩ನೆಯ ಇಸವಿಯಲ್ಲೇ ಹಾಲೆಂಡಿನ ಕ್ರಿಸ್ಟೀನ್ ಬರ್ಕ್‌ಹೌಟ್ ಎಂಬ ವಿದುಷಿ ಇದಕ್ಕೆ ಈ ಕುಲನಾಮ ಕೊಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಬಿಳಿ. ಅತಿ ಸಾಮಾನ್ಯವಾದ ಜಾತಿಗೆ ‘ಆಲ್ಬಿಕನ್ಸ್’ ಎಂಬ ಇನ್ನೊಂದು ಹೆಸರೂ ಸೇರಿದೆ. ಅದರ ಅರ್ಥವೂ ಬೆಳ್ಳಗಾಗುವುದು ಎಂದೇ! ಇದರ ಒಂದು ಕಣ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು ದೊಡ್ಡದು. ಆರೋಗ್ಯವಂತರಾದ ಅನೇಕರ ಬಾಯಲ್ಲಿ, ಕರುಳಲ್ಲಿ, ಸ್ತ್ರೀಯರ ಜನನಾಂಗದಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಎಂದರೆ ಇದು ಊರ ಹೊರಗಿನಿಂದ ನುಗ್ಗುವ ಕಳ್ಳನಲ್ಲ, ಹಟ್ಟಿಯಲ್ಲೇ ಕಟ್ಟಿಕೊಂಡ ದನ. ಹಗ್ಗ ಸಡಿಲವಾದಾಗ ಮಾತ್ರ ತೋಟಕ್ಕೆ ಬೀಳುತ್ತದೆ.

ಹಗ್ಗ ಸಡಿಲವಾಗುವುದು ಯಾವಾಗ? ತೇವ ನಿಂತಾಗ, ಸಕ್ಕರೆ ಹೆಚ್ಚಾದಾಗ, ಮೈಯ ಕಾವಲುಗಾರರು ಸೋತಾಗ. ಹೆಚ್ಚು ಕಡಿಮೆ ಇಷ್ಟೇ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗ ಕಂಡ ಮೇಲೆ ಮದ್ದು ಹೊಡೆದರೆ ಬರುವ ಲಾಭ ಅಲ್ಪ; ಮಳೆ ಹಿಡಿಯುವ ಮೊದಲೇ ಗೊನೆಗೆ ಬೋರ್ಡೊ ದ್ರಾವಣ ಬೀಳಬೇಕು. ಹಳೆಯ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ೧೯೧೦ರ ಸುಮಾರಿಗೆ ಆ ರೋಗವನ್ನು ಅಭ್ಯಸಿಸಿ, ಮೈಲುತುತ್ತು ಸುಣ್ಣಗಳ ಆ ಸಿಂಪಡಣೆಯನ್ನು ಮಲೆನಾಡಿಗೆ ರೂಢಿಮಾಡಿಸಿದರು. (ಕೊಳೆರೋಗದ ಜೀವಿಯನ್ನು ಈಗಿನ ವಿಜ್ಞಾನಿಗಳು ನಿಜವಾದ ಶಿಲೀಂಧ್ರವೆಂದು ಒಪ್ಪುವುದಿಲ್ಲ. ಆದರೂ ತೇವದ ಮೇಲಿನ ಅದರ ಪ್ರೀತಿ ಇದೇ ಬಗೆಯದು.) ಮೈಯ ವಿಷಯದಲ್ಲಿ ಬೋರ್ಡೊ ದ್ರಾವಣದ ಸ್ಥಾನದಲ್ಲಿರುವುದು ಒಂದು ಒಣ ಚೌಕ.

ಮೊದಲು ಚರ್ಮದ ಮಡಿಕೆಗಳನ್ನು ನೋಡೋಣ. ತೊಡೆಯ ಸಂದು, ಕಂಕುಳು, ಸ್ತನದ ಕೆಳಭಾಗ, ಸ್ಥೂಲಕಾಯದವರಲ್ಲಿ ಹೊಟ್ಟೆಯ ಮಡಿಕೆ: ಇಲ್ಲೆಲ್ಲ ಚರ್ಮಕ್ಕೆ ಚರ್ಮ ಉಜ್ಜಿ, ಬೆವರು ನಿಂತು ಮೆತ್ತಗಾಗುತ್ತದೆ. ಅಲ್ಲಿ ಯೀಸ್ಟ್ ಬೇರೂರಿದರೆ ಕೆಂಪನೆಯ ಹಸಿ ಗಾಯದಂತಹ ಪಟ್ಟೆ ಎದ್ದು, ಅದರ ಅಂಚಿನಾಚೆ ಸಣ್ಣಸಣ್ಣ ಗುಳ್ಳೆಗಳು ಚುಕ್ಕಿಯಿಟ್ಟಂತೆ ಚೆದರಿರುತ್ತವೆ. ಹಸುಗೂಸುಗಳ ಒದ್ದೆ ಲಂಗೋಟಿಯ ಜಾಗದಲ್ಲಿ ಆಗುವುದೂ ಹಲವು ಸಲ ಇದೇ. ಇದಕ್ಕೆ ಮಳೆಯೇ ಬೇಕೆಂದಿಲ್ಲ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಅಲ್ಲಿ ಕುಲುಮೆಯ ಮುಂದೆ ದಪ್ಪ ಬಟ್ಟೆ ತೊಟ್ಟು ಪಾಳಿ ಮುಗಿಸಿದ ಹಿರಿಯರಿಗೆ ಈ ಉರಿ ಬೇಸಗೆಯಲ್ಲೂ ಚೆನ್ನಾಗಿ ಗೊತ್ತು.

ಸ್ನಾನದ ನಂತರ ಈ ಸಂದುಗಳನ್ನು ಒತ್ತಿ ಒರಸಿ ಪೂರ್ಣ ಆರಲು ಬಿಡಿ. ಉಜ್ಜಬೇಡಿ. ಹತ್ತಿಯ ಒಳಉಡುಪು ತೊಡಿ, ದಿನಕ್ಕೊಮ್ಮೆ ಬದಲಾಯಿಸಿ. ಬೆವರಿದ ದಿನ ಎರಡು ಸಲವಾದರೂ ಆಗಲಿ. ಬಿಸಿಲು ಕಾಣದ ದಿನಗಳಲ್ಲಿ ಬಚ್ಚಲ ಒಲೆಯ ಬಳಿಯ ಗಳು ಒಳಉಡುಪುಗಳಿಗೆ ಮೀಸಲಾಗಿರಲಿ, ಪಂಚೆ ಲಂಗಗಳು ಕಾಯಲಿ. ತೊಡುವ ಮೊದಲು ಇಸ್ತ್ರಿಪೆಟ್ಟಿಗೆ ಆಡಿಸಿದರೆ ಉಳಿದ ತೇವವೂ ಹೋಗುತ್ತದೆ.

ಉಗುರುಸುತ್ತಿನ ಮಾತೂ ಇಲ್ಲೇ ಬಂತು. ಒಂದೇ ರಾತ್ರಿಯಲ್ಲಿ ಬಾತು ಕೀವು ತುಂಬಿ ಮಿಡಿಯುವ ಉಗುರುಸುತ್ತು ಬ್ಯಾಕ್ಟೀರಿಯಗಳ ಕೆಲಸ. ತಿಂಗಳುಗಟ್ಟಲೆ ಉಗುರಿನ ಬುಡ ಉಬ್ಬಿಕೊಂಡು, ಒತ್ತಿದರೆ ಸ್ವಲ್ಪ ನೋಯುತ್ತ, ಉಗುರು ಏರುಪೇರಾಗಿ ಬೆಳೆಯುವ ಬಗೆ ಇನ್ನೊಂದಿದೆ. ಪಾತ್ರೆ ತೊಳೆಯುವವರು, ಹೋಟೆಲಿನ ಅಡಿಗೆಯವರು, ಹಸಿ ಅಡಿಕೆ ಸುಲಿಯುವವರು, ಹೀಗೆ ದಿನವಿಡೀ ಕೈ ಒದ್ದೆಯಾಗಿರುವವರಲ್ಲಿ ಇದು ಹೆಚ್ಚು. ನೀರು, ಸಾಬೂನು, ಚೊಗರುಗಳಿಂದ ಉಗುರಿನ ಬುಡದ ತೆಳುಚರ್ಮ ಕಿತ್ತುಹೋಗುತ್ತದೆ. ಆ ಬಿರುಕಿನಲ್ಲಿ ಯೀಸ್ಟ್ ಮನೆ ಮಾಡುತ್ತದೆ. ಕೈ ಒಣಗಿರುವಂತೆ ನೋಡಿಕೊಳ್ಳದೆ ಬರೀ ಮುಲಾಮು ಹಚ್ಚಿದರೆ ಇದು ವಾಸಿಯಾಗದು. ಒಳಗೆ ಹತ್ತಿಬಟ್ಟೆಯ ಕೈಚೀಲ, ಅದರ ಮೇಲೆ ರಬ್ಬರಿನದು ತೊಟ್ಟು ಕೆಲಸ ಮಾಡುವುದು ಒಳ್ಳೆಯದು. ಬರೀ ರಬ್ಬರಿನದಾದರೆ ಒಳಗೆ ಬೆವರಿ ಮತ್ತೆ ಅದೇ ಕಥೆ.

ಇನ್ನು ಚಿಬ್ಬು. ಎದೆ, ಬೆನ್ನು, ಕುತ್ತಿಗೆಯ ಮೇಲೆ ಬಿಳಿಚಿಕೊಂಡ ಅಥವಾ ಕಂದುಬಣ್ಣದ ಮಚ್ಚೆಗಳು ಹರಡುತ್ತವಲ್ಲ, ಅದು. ಇದನ್ನು ತರುವ ಯೀಸ್ಟಿನ ಹೆಸರು ಮಲಸೀಸಿಯಾ. ತಲೆಹೊಟ್ಟಿನಲ್ಲಿಯೂ ಇದರ ಕೈವಾಡವಿದೆ. ಚರ್ಮದ ಜಿಡ್ಡನ್ನು ಉಂಡು ಬದುಕುವ ಇದು ಪ್ರಾಯದವರೆಲ್ಲರ ಮೈಮೇಲೂ ಇರುತ್ತದೆ. ಸೆಕೆ, ಬೆವರು ಸೇರಿದಾಗ ಅತಿಯಾಗಿ ಬೆಳೆದು ಚರ್ಮದ ಬಣ್ಣ ಕೆಡಿಸುತ್ತದೆ. ಚಿಬ್ಬು ಕೊಳಕುತನದ ಗುರುತಲ್ಲ, ಮುಟ್ಟಿದರೆ ಹರಡುವ ರೋಗವೂ ಅಲ್ಲ. ಆದರೂ ಇದರಿಂದ ಮನೆಗಳಲ್ಲಿ ಆಗುವ ಸಂಕಟ ಸಣ್ಣದಲ್ಲ. ಮದುವೆಗೆ ಬಂದ ಹುಡುಗಿಯ ಕುತ್ತಿಗೆಯಲ್ಲಿ ನಾಲ್ಕು ಬಿಳಿ ಮಚ್ಚೆ ಕಂಡರೆ ಸಾಕು, ತೊನ್ನೆಂದು ಪಿಸುಮಾತು ಹೊರಟು ಸಂಬಂಧ ಮುರಿದುಬೀಳುತ್ತದೆ. ತೊನ್ನಿನ ಮಚ್ಚೆ ಹಾಲಿನಂತೆ ಅಚ್ಚಬಿಳುಪು, ನುಣುಪು. ಚಿಬ್ಬನ್ನು ಉಗುರಿನಿಂದ ಮೆಲ್ಲಗೆ ಗೀರಿದರೆ ಹಿಟ್ಟಿನಂತಹ ಹುಡಿ ಏಳುತ್ತದೆ. ವೈದ್ಯರಿಗೆ ಇವೆರಡನ್ನು ಬೇರ್ಪಡಿಸುವುದು ಕೆಲವು ನಿಮಿಷಗಳ ಕೆಲಸ. (ತೊನ್ನೂ ಅಂಟುರೋಗವಲ್ಲ, ಅದಕ್ಕಾಗಿ ಸಂಬಂಧ ಮುರಿಯುವುದೂ ಅನ್ಯಾಯವೇ. ಅದು ಬೇರೊಂದು ಲೇಖನದ ವಿಷಯ.) ಸೆಲೀನಿಯಂ ಸಲ್ಫೈಡ್ ಅಥವಾ ಕೀಟೋಕೊನಜೋಲ್ ಇರುವ ಶಾಂಪೂವನ್ನು ವೈದ್ಯರು ಹೇಳಿದಷ್ಟು ದಿನ ಮಚ್ಚೆಗಳ ಮೇಲೆ ಹಚ್ಚಿ, ಕೆಲವು ನಿಮಿಷ ಬಿಟ್ಟು ತೊಳೆದರೆ ಯೀಸ್ಟ್ ಅಡಗುತ್ತದೆ. ಆದರೆ ಬಣ್ಣ ಮರಳಲು ಕೆಲವು ತಿಂಗಳು ಬೇಕು. ಈ ಮಾತು ತಿಳಿಯದೆ ಎಷ್ಟೋ ಜನ ಮದ್ದು ಫಲಿಸಲಿಲ್ಲವೆಂದು ಮೂರು ಅಂಗಡಿ ತಿರುಗಿ ಮೂರು ಮುಲಾಮು ತಂದು ಚರ್ಮವನ್ನು ಸುಟ್ಟುಕೊಳ್ಳುತ್ತಾರೆ. ಮುಂದಿನ ಬೇಸಗೆಗೆ ಚಿಬ್ಬು ಮತ್ತೆ ಬರುವುದೂ ಉಂಟು.

ಎಳೆಗೂಸಿನ ನಾಲಿಗೆ ಬೆಳ್ಳಗಿದ್ದರೆ ಅಜ್ಜಿಯರು ಬೆರಳಿಗೆ ಬಟ್ಟೆ ಸುತ್ತಿ ಉಜ್ಜುತ್ತಾರೆ. ಹಾಲಿನ ಬಿಳುಪಾದರೆ ಸುಲಭವಾಗಿ ಹೋಗುತ್ತದೆ. ಕ್ಯಾಂಡಿಡಾದ ಬಿಳುಪು ಕೆನ್ನೆಯ ಒಳಭಾಗ, ತುಟಿ, ಅಂಗುಳುಗಳಿಗೂ ಮೊಸರಿನ ಹರಳಿನಂತೆ ಕಚ್ಚಿಕೊಂಡಿರುತ್ತದೆ. ಕಿತ್ತರೆ ಕೆಂಪಾಗಿ ರಕ್ತ ಜಿನುಗುತ್ತದೆ. ಕೀಳಬಾರದು. ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸುವ ಪದ್ಧತಿ ನಮ್ಮಲ್ಲಿದೆ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು; ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಗಳು ಎಳೆಗರುಳಿನಲ್ಲಿ ಮೊಳೆತು ವಿಷವನ್ನುಂಟುಮಾಡುವ ಅಪಾಯವಿದೆ. ಮಕ್ಕಳ ವೈದ್ಯರು ಕೊಡುವ ಹನಿಮದ್ದು ಕೆಲವು ದಿನಗಳಲ್ಲಿ ಗುಣ ತೋರುತ್ತದೆ. ಮಗು ಹಾಲು ಕುಡಿಯುವಾಗ ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ತಾಯಿಗೂ ಚಿಕಿತ್ಸೆ ಆಗಬೇಕು. ಇಲ್ಲವಾದರೆ ಸೋಂಕು ಒಬ್ಬರಿಂದೊಬ್ಬರಿಗೆ ಓಡಾಡುತ್ತಲೇ ಇರುತ್ತದೆ. ಹಾಲೂಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ದೊಡ್ಡವರ ಬಾಯಲ್ಲೂ ಇದು ಬರುತ್ತದೆ. ಉಬ್ಬಸಕ್ಕೆ ಸ್ಟಿರಾಯ್ಡ್ ಇರುವ ಇನ್ಹೇಲರ್ ಸೇದುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಯಬೇಕು. ಕಟ್ಟಿಸಿದ ಹಲ್ಲಿನವರು ರಾತ್ರಿ ಅದನ್ನು ತೆಗೆದು, ಉಜ್ಜಿ ತೊಳೆದಿಟ್ಟು ಮಲಗಬೇಕು. ಇಂತಹ ಕಾರಣ ಯಾವುದೂ ಇಲ್ಲದೆ ಪ್ರಾಯದವರ ಬಾಯಲ್ಲಿ ಬಿಳಿ ಪೊರೆ ಕಂಡರೆ ಸಕ್ಕರೆ ಕಾಯಿಲೆ, ಎಚ್‌ಐವಿ ಎರಡರ ಪರೀಕ್ಷೆಯೂ ಆಗಬೇಕು. ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ಗುಟ್ಟಾಗಿಯೇ ಮಾಡುತ್ತಾರೆ.

ಈ ಲೇಖನದಲ್ಲಿ ಅತಿ ಮುಖ್ಯವಾದುದು ಮುಂದಿನ ಸಂಗತಿ. ಇದನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಓದಲಾರರೆಂದು ಬಲ್ಲೆ. ಓದಿದವರು ಪುಟ ಮಡಿಸಿ ಅಕ್ಕನಿಗೋ ಅತ್ತಿಗೆಗೋ ಕೊಟ್ಟರೂ ಸಾಕು. ಜೀವಮಾನದಲ್ಲಿ ಒಮ್ಮೆಯಾದರೂ ಜನನಾಂಗದ ಯೀಸ್ಟ್ ಸೋಂಕನ್ನು ಅನುಭವಿಸುವವರು ನಾಲ್ವರು ಸ್ತ್ರೀಯರಲ್ಲಿ ಮೂವರೆಂಬುದು ವೈದ್ಯರ ಅಂದಾಜು. ಇಷ್ಟು ಸಾಮಾನ್ಯವಾದ ಕಾಯಿಲೆಯನ್ನು ನಮ್ಮ ಹೆಣ್ಣುಮಕ್ಕಳು ಗಂಡನಿಗೂ ಹೇಳದೆ, ತಾಯಿಗೂ ಹೇಳದೆ, ಸೆರಗಿನಲ್ಲಿ ಕಟ್ಟಿಕೊಂಡ ಕೆಂಡದಂತೆ ಸಹಿಸುತ್ತಾರೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಲಿ. ತಿಂಗಳ ಕೆಲವು ದಿನ ಲೋಳೆಯಂತೆ, ತಿಳಿಯಾಗಿ, ವಾಸನೆಯಿಲ್ಲದೆ ಹೋಗುವ ಬಿಳುಪು ರೋಗವಲ್ಲ. ಅದು ಆ ಅಂಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುವ ರೀತಿ. ಅದರಿಂದ ಮೂಳೆ ಕರಗುತ್ತದೆ, ಶಕ್ತಿ ಸೋರುತ್ತದೆ ಎಂಬುದು ಸುಳ್ಳು. ಸೊಂಟನೋವು, ಸುಸ್ತು ಇದ್ದರೆ ಕಾರಣವನ್ನು ಬೇರೆಡೆ, ಬಹುಶಃ ರಕ್ತಹೀನತೆಯಲ್ಲಿ, ಹುಡುಕಬೇಕು. ಯೀಸ್ಟಿನ ಸೋಂಕಾದಾಗ ತುರಿಕೆ ಮುಂದಾಗಿ ಬರುತ್ತದೆ. ಒಡೆದ ಮೊಸರಿನಂತೆ ಗಟ್ಟಿಯಾದ ಬಿಳಿಸೆರಗು, ಹೊರಭಾಗದ ಕೆಂಪು ಬಾವು, ಮೂತ್ರ ತಗಲಿದಾಗ ಉರಿ, ಗಂಡನೊಡನೆ ಸೇರುವಾಗ ನೋವು ಜೊತೆಗಿರುತ್ತವೆ. ಸಾಮಾನ್ಯವಾಗಿ ದುರ್ವಾಸನೆ ಇರದು. ಮೀನಿನಂತಹ ವಾಸನೆ, ಹಳದಿ ಹಸುರು ಬಣ್ಣ, ಕಿಬ್ಬೊಟ್ಟೆಯ ನೋವು, ಜ್ವರ, ರಕ್ತದ ಕಲೆ ಕಂಡರೆ ಕಾರಣ ಬೇರೆ, ಮದ್ದೂ ಬೇರೆ. ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ಒಂದು ದಿನವೂ ತಡಮಾಡಬಾರದು. ಗರ್ಭಕೋಶದ ಕ್ಯಾನ್ಸರಿನ ತಪಾಸಣೆ ಆಗಬೇಕು.

ಬಸುರಿನಲ್ಲಿ ಇದು ಹೆಚ್ಚು. ನೆಗಡಿಗೋ ಗಂಟಲು ನೋವಿಗೋ ಅಂಗಡಿಯಿಂದ ತಾವೇ ತಂದು ನುಂಗಿದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲಿನ ನಂತರವೂ ಬರುತ್ತದೆ. ಆ ಅಂಗದಲ್ಲಿ ಹುಳಿಯನ್ನುಂಟುಮಾಡಿ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಗಳು ಕ್ಯಾಪ್ಸೂಲಿನಿಂದ ಸಾಯುತ್ತವೆ, ಯೀಸ್ಟ್ ಸಾಯುವುದಿಲ್ಲ. ಪೈರು ಒಣಗಿದ ಗದ್ದೆಯಲ್ಲಿ ಕಳೆ ಎದ್ದಂತಾಗುತ್ತದೆ. ಡೆಟಾಲು, ಸೋಪು, ಸುಗಂಧದ ದ್ರವಗಳಿಂದ ಒಳಗೆ ತೊಳೆದುಕೊಳ್ಳುವುದರಿಂದಲೂ ಅದೇ ಫಲ. ಹೊರಭಾಗವನ್ನು ಬರೀ ನೀರಿನಿಂದ ತೊಳೆದು ಒರಸಿಕೊಂಡರೆ ಸಾಕು. ಮೊಸರನ್ನು ಊಟಕ್ಕೆ ಬಡಿಸಿಕೊಳ್ಳಿ, ಮದ್ದೆಂದು ಒಳಗೆ ಹಚ್ಚಬೇಡಿ.

ಮುಟ್ಟಿನ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲ ಕತ್ತಲಲ್ಲಿ, ಇನ್ನೊಂದು ಸೀರೆಯ ಅಡಿಯಲ್ಲಿ ಒಣಹಾಕುವುದು ನಮ್ಮ ಮನೆಗಳ ಹಳೆಯ ರೂಢಿ. ಒಡಿಶಾದ ಆಸ್ಪತ್ರೆಗಳಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂತಹ ಬಟ್ಟೆಯನ್ನು ಮನೆಯೊಳಗೇ ಒಣಗಿಸುವವರಲ್ಲಿ ಕ್ಯಾಂಡಿಡಾ ಸೋಂಕು ಹೆಚ್ಚೆಂದು ಕಂಡುಬಂತು. ಬಟ್ಟೆಯದು ತಪ್ಪಲ್ಲ, ಕತ್ತಲೆ, ತೇವಗಳದು. ಸಾಬೂನಿನಿಂದ ತೊಳೆದು ಬಿಸಿಲಿಗೆ ಹಾಕಿ. ಬಿಸಿಲಿಲ್ಲದ ತಿಂಗಳುಗಳಲ್ಲಿ ಇಸ್ತ್ರಿ ಮಾಡಿ, ಇಲ್ಲವೇ ಆ ಕಾಲಕ್ಕಾದರೂ ಪ್ಯಾಡ್ ಬಳಸಿ. ಪ್ಯಾಡನ್ನೂ ನಾಲ್ಕಾರು ಗಂಟೆಗೊಮ್ಮೆ ಬದಲಾಯಿಸಬೇಕು. ಮನೆಯ ಗಂಡಸರು ಹಗ್ಗದ ಮೇಲಿನ ಒಂದು ತುಂಡು ಬಟ್ಟೆಯನ್ನು ಕಂಡು ಮುಖ ತಿರುಗಿಸುವುದನ್ನು ಬಿಟ್ಟರೆ ಈ ಸಮಸ್ಯೆ ಅರ್ಧ ಬಗೆಹರಿದಂತೆ.

ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸಿದರೆ ರಕ್ತದ ಸಕ್ಕರೆಯನ್ನು ನೋಡಿಸಲೇಬೇಕು. ತುರಿಕೆಗೆಂದು ಹೋದವರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಗುವುದು ವೈದ್ಯರಿಗೆ ಹೊಸದಲ್ಲ. ಗಂಡಸರಿಗೂ ಈ ಮಾತು ಸಲ್ಲುತ್ತದೆ: ಶಿಶ್ನದ ಮುಂದೊಗಲು ಬಾತು, ಸೀಳಿ, ಹಿಂದೆ ಸರಿಯದಂತಾದರೆ ನಾಚದೆ ಸಕ್ಕರೆ ಪರೀಕ್ಷೆ ಮಾಡಿಸಿ. ಈಚೆಗೆ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಬಳಕೆಗೆ ಬಂದಿವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಹಿತವಾದ ಒಳ್ಳೆಯ ಮದ್ದುಗಳೇ. ಆದರೆ ಅವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಆ ಭಾಗದಲ್ಲಿ ಯೀಸ್ಟಿಗೆ ಹಬ್ಬವಾಗುತ್ತದೆ. ಅವನ್ನು ನುಂಗುವವರು ಮೂತ್ರದ ನಂತರ ತೊಳೆದು ಒರಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಲಿ. ತುರಿಕೆ ಬಂದರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಲಿ.

ಚಿಕಿತ್ಸೆಯ ಕಥೆ ಸ್ವಾರಸ್ಯದ್ದು. ಒಂದು ಕಾಲಕ್ಕೆ ಜೆನ್ಷಿಯನ್ ವಯಲೆಟ್ ಎಂಬ ನೇರಳೆ ಬಣ್ಣದ ಮದ್ದನ್ನು ಬಳಿಯುವುದೇ ದೊಡ್ಡ ಉಪಾಯವಾಗಿತ್ತು. ಹಿರಿಯರಿಗೆ ಆ ನೇರಳೆ ನಾಲಿಗೆಯ ನೆನಪಿರಬಹುದು. ೧೯೫೦ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬಿಬ್ಬರು ಮಹಿಳೆಯರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಎಂಬ ಮದ್ದನ್ನು ತೆಗೆದರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳು ಅಂಚೆಯಲ್ಲಿ ಓಡಾಡಿದವು. ನಮ್ಮವರೂ ಹಿಂದೆ ಬೀಳಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರು, ಪಿಂಪ್ರಿಯ ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿ ೧೯೬೦ರ ದಶಕದ ಆರಂಭದಲ್ಲಿ ಹಮೈಸಿನ್ ಎಂಬ ಮದ್ದನ್ನು ಬೆಳಕಿಗೆ ತಂದರು. ಅದೂ ಮಣ್ಣಿನ ಜೀವಿಯದೇ ಕೊಡುಗೆ. ಆ ಜೀವಿಯ ಹೆಸರಿನಲ್ಲಿ ಪಿಂಪ್ರಿ ಊರೂ, ಮದ್ದಿನ ಹೆಸರಿನಲ್ಲಿ ಕಾರ್ಖಾನೆಯ ಮೊದಲಕ್ಷರಗಳೂ ಉಳಿದಿವೆ.

ಈಗ ಹೆಚ್ಚಾಗಿ ಬಳಸುವುದು ಕ್ಲೊಟ್ರಿಮಜೋಲ್ ಮತ್ತು ಫ್ಲುಕೊನಜೋಲ್. ಮೊದಲನೆಯದು ಚರ್ಮಕ್ಕೆ ಮುಲಾಮಾಗಿ, ಬಾಯಿಗೆ ಬಳಿಯುವ ದ್ರವವಾಗಿ, ಸ್ತ್ರೀಯರಿಗೆ ರಾತ್ರಿ ಮಲಗುವಾಗ ಒಳಗಿಟ್ಟುಕೊಳ್ಳುವ ಮಾತ್ರೆಯಾಗಿ ದೊರೆಯುತ್ತದೆ. ಎರಡನೆಯದು ನುಂಗುವಂಥದು, ಸಾಧಾರಣ ಸ್ತ್ರೀಸೋಂಕಿಗೆ ೧೫೦ ಮಿಲಿಗ್ರಾಮಿನ ಒಂದೇ ಮಾತ್ರೆ ಸಾಕಾಗುತ್ತದೆ. ಆದರೆ ಬಸುರಿಯರು ಇದನ್ನು ನುಂಗಬಾರದು; ಅವರಿಗೆ ಒಳಗಿಡುವ ಮಾತ್ರೆಯೇ ಕ್ಷೇಮ, ಅದೂ ಸುಮಾರು ಏಳು ರಾತ್ರಿ. ರಕ್ತ ತಿಳಿಯಾಗಿಸುವ ವಾರ್ಫರಿನ್, ಸಕ್ಕರೆಯ ಕೆಲವು ಮಾತ್ರೆಗಳೊಡನೆ ಫ್ಲುಕೊನಜೋಲ್ ಹೊಂದುವುದಿಲ್ಲ; ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದನ್ನೂ ವೈದ್ಯರಿಗೆ ಹೇಳಿ. ತುರಿಕೆ ನಿಂತ ದಿನವೇ ಮುಲಾಮನ್ನು ನಿಲ್ಲಿಸುವುದರಿಂದ ಕಾಯಿಲೆ ಮರಳುತ್ತದೆ. ಗಂಡನಿಗೆ ತುರಿಕೆ ಇಲ್ಲದಿದ್ದರೆ ಅವನಿಗೆ ಮದ್ದು ಬೇಕಾಗದು. ಇದನ್ನು ನಡತೆಯ ಪ್ರಶ್ನೆಯನ್ನಾಗಿ ಮಾಡಿ ಜಗಳ ಕಾಯುವ ಕಾರಣವೂ ಇಲ್ಲ.

ಅಂಗಡಿಯವರು ಕೊಡುವ ‘ಎಲ್ಲದಕ್ಕೂ ಒಂದೇ’ ಟ್ಯೂಬಿನ ಬಗ್ಗೆ ಮಾತ್ರ ಕಟುವಾಗಿಯೇ ಹೇಳಬೇಕಾಗಿದೆ. ಇದರಲ್ಲಿ ಶಿಲೀಂಧ್ರದ ಮದ್ದು, ಆ್ಯಂಟಿಬಯಾಟಿಕ್, ಜೊತೆಗೆ ಬಲವಾದ ಸ್ಟಿರಾಯ್ಡ್ ಬೆರೆತಿರುತ್ತವೆ. ಸ್ಟಿರಾಯ್ಡಿನಿಂದ ಎರಡು ದಿನದಲ್ಲಿ ತುರಿಕೆ ಅಡಗುತ್ತದೆ, ಕೆಂಪು ಮಾಯುತ್ತದೆ. ಒಳಗೆ ಶಿಲೀಂಧ್ರ ಕೊಬ್ಬುತ್ತದೆ. ನಿಲ್ಲಿಸಿದರೆ ದುಪ್ಪಟ್ಟಾಗಿ ಮರಳುತ್ತದೆ, ಹಚ್ಚುತ್ತ ಹೋದರೆ ತೊಡೆಯ ಸಂದಿನ ಚರ್ಮ ತೆಳುವಾಗಿ ಅಳಿಸಲಾಗದ ಬರೆಗಳು ಬೀಳುತ್ತವೆ. ಹುಳುಕಡ್ಡಿ ನಮ್ಮ ದೇಶದಲ್ಲಿ ಇಷ್ಟು ಮೊಂಡಾಗಲು ಇದೂ ಒಂದು ದೊಡ್ಡ ಕಾರಣವೆಂದು ಚರ್ಮವೈದ್ಯರು ದೂರುತ್ತಾರೆ. ೨೦೧೮ರಲ್ಲಿ ಕೇಂದ್ರ ಸರಕಾರ ಇಂತಹ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಕಾನೂನು ಕಾಗದದಲ್ಲಿದೆ, ಟ್ಯೂಬು ಗಲ್ಲೆಯ ಮೇಲಿದೆ. ಲೇಬಲ್ಲಿನಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಸಾಲ್ ಎಂಬ ಹೆಸರುಗಳಿದ್ದರೆ ಚೀಟಿಯಿಲ್ಲದೆ ಕೊಳ್ಳಬೇಡಿ.

ಶಿವಮೊಗ್ಗೆಯಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆ, ಭದ್ರಾವತಿಯಲ್ಲಿ ತಾಲ್ಲೂಕು ಸರಕಾರಿ ಆಸ್ಪತ್ರೆ ಇವೆ. ಬಿಳಿಸೆರಗಿನಂತಹ ತೊಂದರೆಗಳಿಗೆ ಸರಕಾರಿ ವ್ಯವಸ್ಥೆಯಲ್ಲಿ ಉಚಿತ ಮದ್ದಿನ ಪೊಟ್ಟಣವೇ ಇದೆ. ಸ್ತ್ರೀರೋಗ ವಿಭಾಗದಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಹೋಗುವಾಗ ಹಳೆಯ ಚೀಟಿಗಳನ್ನೂ, ಹಚ್ಚಿದ ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಹಿಂದಿನ ರಾತ್ರಿ ಮಾತ್ರೆಯನ್ನು ಒಳಗಿಟ್ಟುಕೊಂಡು ಹೋದರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಚಿಬ್ಬು ತೋರಿಸುವವರು ಅಂದು ಎಣ್ಣೆ, ಪೌಡರು ಹಚ್ಚಿಕೊಳ್ಳದಿದ್ದರೆ ಒಳ್ಳೆಯದು. ಹುಡಿಯನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲು ಅನುಕೂಲವಾಗುತ್ತದೆ.